ಚೀಟಿಯಲ್ಲಿನ ಎರಡು ಮಾತ್ರೆ ಮತ್ತು ಯಲ್ಲಾಪ್ರಗಡ ಸುಬ್ಬರಾವ್

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ, ಎಲ್ಲೇ ಇರಿ. ತೀವ್ರ ಸೋರಿಯಾಸಿಸ್‌ಗೆ ಚರ್ಮವೈದ್ಯರು ಮೆಥೊಟ್ರೆಕ್ಸೇಟ್ ಬರೆದರೆ, ಜೊತೆಗೆ ಸಾಮಾನ್ಯವಾಗಿ ಫೋಲಿಕ್ ಆ್ಯಸಿಡ್ ಇರುತ್ತದೆ. ಎರಡರ ಹಿಂದೆಯೂ ಇರುವವರು ಯಲ್ಲಾಪ್ರಗಡ ಸುಬ್ಬರಾವ್.

1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಅವರು ಮದರಾಸಿನಲ್ಲಿ ವೈದ್ಯಕೀಯ ಓದಿದರು. ಸ್ಪ್ರೂ ಎಂಬ ಕರುಳಿನ ಕಾಯಿಲೆ ಅವರ ಒಡಹುಟ್ಟಿದವರನ್ನೇ ಬಲಿ ತೆಗೆದುಕೊಂಡಿತ್ತು. ಬಳಿಕ ಅಮೆರಿಕಕ್ಕೆ ಹೋದರು. ಮುಂದೆ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡ ಫೋಲಿಕ್ ಆ್ಯಸಿಡ್ ತಯಾರಿಸಿತು. ಸ್ಪ್ರೂಗೂ ಅದು ಮದ್ದಾಯಿತು. ಬಳಿಕ ಅದೇ ಫೋಲಿಕ್ ಆ್ಯಸಿಡ್‌ನ ಕೆಲಸ ತಡೆಯುವ ಅಮಿನೊಪ್ಟೆರಿನ್, ಮೆಥೊಟ್ರೆಕ್ಸೇಟ್ ಬಂದವು. ಅಮಿನೊಪ್ಟೆರಿನ್ ಅನ್ನು ಮೊದಲು ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಟ್ಟರು. ಸೋರಿಯಾಸಿಸ್ ಕೂಡ ತಗ್ಗುತ್ತದೆಂದು ವರದಿಯಾದದ್ದು 1951ರಲ್ಲಿ. ಸುಬ್ಬರಾವ್ 1948ರಲ್ಲೇ, 53ನೇ ವಯಸ್ಸಿಗೆ, ತೀರಿಕೊಂಡಿದ್ದರು.

ಇಂದು ಮೆಥೊಟ್ರೆಕ್ಸೇಟ್ ಚರ್ಮದ ಕೆಲವು ಲಿಂಫೋಮಾಗಳಿಗೂ ಬಳಕೆಯಲ್ಲಿದೆ. ಕೆಲವು ಸೋರಿಯಾಸಿಸ್ ರೋಗಿಗಳಿಗೆ ಬೆಳಕಿನ ಚಿಕಿತ್ಸೆಯನ್ನೂ ಜೋಡಿಸುತ್ತಾರೆ. ಕ್ಯಾನ್ಸರ್ ಔಷಧಿ ಎಂದು ಗಾಬರಿಯಾಗಬೇಡಿ; ಸೋರಿಯಾಸಿಸ್‌ಗೆ ಕೊಡುವ ಪ್ರಮಾಣ ಬಹಳ ಕಡಿಮೆ. ಆದರೆ ಅದು ವಾರಕ್ಕೊಮ್ಮೆ ಮಾತ್ರ. ಯಾವ ವಾರ ಎಂದು ಮಾತ್ರೆಯ ಪೊಟ್ಟಣದ ಮೇಲೆ ಬರೆದಿಡಿ, ಮನೆಯವರಿಗೂ ಹೇಳಿ. ದಿನವೂ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ರಕ್ತಕಣಗಳು ಕುಸಿಯುತ್ತವೆ, ಜೀವಕ್ಕೇ ಅಪಾಯ. ತಪ್ಪಿ ಹಾಗಾಗಿದ್ದರೆ, ಆರಾಮಾಗಿದ್ದೀರಿ ಅನ್ನಿಸಿದರೂ, ಚೀಟಿ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಿ.