ದೇಶದ ವರಮಾನ ಎಣಿಸಿದ ರಾವ್, ನಾಗರಭಾವಿಗೆ ಬಿಟ್ಟುಹೋದ ಲೆಕ್ಕ

ಬೆಂಗಳೂರು: ವಿಜಯನಗರ ದಾಟಿ ನಾಗರಭಾವಿಯತ್ತ ಸಾಗುವವರಿಗೆ ಡಾ. ವಿ.ಕೆ.ಆರ್.ವಿ. ರಾವ್ ರಸ್ತೆಯ ಹೆಸರು ಪರಿಚಿತ. ಆ ಹೆಸರಿನ ಹಿಂದಿರುವ ವ್ಯಕ್ತಿ ಯಾರೆಂಬುದು ಮಾತ್ರ ಹೊಸ ತಲೆಮಾರಿಗೆ ಅಷ್ಟಾಗಿ ತಿಳಿಯದು. ಬ್ರಿಟಿಷ್ ಆಳ್ವಿಕೆಯ ಭಾರತದ ವರಮಾನವನ್ನು ಶಾಸ್ತ್ರೀಯವಾಗಿ ಅಳೆದವರು, ಬಳ್ಳಾರಿಯ ಸಂಸದರು, ಕೇಂದ್ರ ಸಚಿವರು, ದೇಶದ ಪ್ರಮುಖ ಸಂಶೋಧನಾ ಸಂಸ್ಥೆಗಳ ಸ್ಥಾಪಕರು ಇವರೇ. ಕಾಡು, ನೀರು, ಅದಿರುಗಳ ಬಗ್ಗೆ ಸರ್ಕಾರ ತೀರ್ಮಾನ ಕೈಗೊಳ್ಳುವ ಮುನ್ನ ಲಾಭನಷ್ಟದ ಪೂರ್ಣ ಲೆಕ್ಕ ನೋಡಬೇಕೆಂಬ ವಾದ ಎದ್ದಾಗಲೆಲ್ಲ ನೆನಪಾಗಬೇಕಾದ ಹೆಸರು ಇದು.

ಕೇಂಬ್ರಿಜ್‌ನಿಂದ ಆರಂಭ

ವಿಜಯೇಂದ್ರ ಕಸ್ತೂರಿ ರಂಗ ವರದರಾಜ ರಾವ್ ಅವರು 1908ರ ಜುಲೈ 8ರಂದು ಕಾಂಚೀಪುರದಲ್ಲಿ ಜನಿಸಿದರು. ಮುಂಬೈ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ, ಬಳಿಕ ಕೇಂಬ್ರಿಜ್‌ಗೆ ತೆರಳಿದರು. ಅಲ್ಲಿ ಜಾನ್ ಮೇನಾರ್ಡ್ ಕೇನ್ಸ್ ಅವರ ಶಿಷ್ಯತ್ವ ದೊರೆಯಿತು. 1937ರಲ್ಲಿ ಡಾಕ್ಟರೇಟ್ ಪಡೆದರು.

1931-32ರ ಸಾಲಿನಲ್ಲಿ ಭಾರತೀಯನೊಬ್ಬನ ಸರಾಸರಿ ವಾರ್ಷಿಕ ವರಮಾನ ಸುಮಾರು 62 ರೂಪಾಯಿ ಎಂದು ಅವರ ಅಧ್ಯಯನ ಅಂದಾಜಿಸಿತು. ವಿಶ್ವಾಸಾರ್ಹ ಅಂಕಿಅಂಶಗಳೇ ವಿರಳವಾಗಿದ್ದ ಕಾಲವದು. ಕೃಷಿ, ಪಶುಸಂಗೋಪನೆ, ಗಣಿ, ಅರಣ್ಯ ಮತ್ತು ಮೀನುಗಾರಿಕೆಗಳನ್ನು ಅವರು ಉತ್ಪನ್ನದ ಮೌಲ್ಯದಿಂದ ಅಳೆದರು. ವ್ಯಾಪಾರ, ನೌಕರಿಗಳನ್ನು ಗಳಿಕೆಯಿಂದ ಅಳೆದರು. ಎರಡು ವಿಧಾನಗಳನ್ನು ಹೀಗೆ ಬೆಸೆದದ್ದು ಮುಂದಿನ ಲೆಕ್ಕಗಳಿಗೆ ದಾರಿಯಾಯಿತು. 1949ರಲ್ಲಿ ಭಾರತ ಸರ್ಕಾರ ಮಹಾಲನೋಬಿಸ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ವರಮಾನ ಸಮಿತಿ ರಚಿಸಿದಾಗ ರಾವ್ ಅದರ ಸದಸ್ಯರಾದರು.

ಆ ಲೆಕ್ಕಕ್ಕೆ ಒಂದು ಮಿತಿಯೂ ಇತ್ತು. ಕಡಿದ ಮರದ ಬೆಲೆ ವರಮಾನಕ್ಕೆ ಸೇರುತ್ತಿತ್ತು; ಬರಿದಾದ ಕಾಡಿನ ನಷ್ಟ ಕಳೆಯಲ್ಪಡುತ್ತಿರಲಿಲ್ಲ. ಇದು ರಾವ್ ಒಬ್ಬರ ದೋಷವಲ್ಲ, ಅಂದಿನ ಜಗತ್ತಿನ ಅರ್ಥಶಾಸ್ತ್ರವೇ ಹಾಗಿತ್ತು.

ಬಳ್ಳಾರಿಯ ಪ್ರತಿನಿಧಿ

ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ 1949ರಲ್ಲಿ ರಾವ್ ಅವರಿಂದ ರೂಪು ತಳೆಯಿತು. ಮುಂದಿನ ದಶಕದಲ್ಲಿ ದೆಹಲಿಯಲ್ಲೇ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್ ತಲೆಯೆತ್ತಿತು. ದೆಹಲಿ ವಿಶ್ವವಿದ್ಯಾಲಯದ ಕುಲಪತಿಯಾಗಿ, ಯೋಜನಾ ಆಯೋಗದ ಸದಸ್ಯರಾಗಿ ದುಡಿದ ಮೇಲೆ ಅವರು ರಾಜಕೀಯ ಪ್ರವೇಶಿಸಿದರು. 1967 ಮತ್ತು 1971ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದರು. ಸಾರಿಗೆ ಮತ್ತು ನೌಕಾಯಾನ, ನಂತರ ಶಿಕ್ಷಣ ಖಾತೆಗಳನ್ನು ನಿರ್ವಹಿಸಿದರು.

ಅವರು ಪ್ರತಿನಿಧಿಸಿದ ಅದೇ ಬಳ್ಳಾರಿ, ಲೆಕ್ಕದ ಮಿತಿ ಏನೆಂಬುದನ್ನು ಮುಂದೆ ನಾಡಿಗೆ ತೋರಿಸಿತು. ಅಗೆದ ಅದಿರೆಲ್ಲ ವರಮಾನವೆನಿಸಿತು. ನಾಶವಾದ ಅರಣ್ಯ, ಧೂಳು ಮುಸುಕಿದ ಹೊಲಗಳು ಯಾವ ಖಾತೆಗೂ ಬರಲಿಲ್ಲ. ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನೇ ತಡೆಯಿತು. 2013ರಲ್ಲಿ ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಒಟ್ಟು 50 ಲಕ್ಷ ಟನ್ ಮಿತಿ ವಿಧಿಸಿ ಅವಕಾಶ ನೀಡಿತು. 2022ರಲ್ಲಿ ಈ ಮಿತಿಗಳು ಕ್ರಮವಾಗಿ 3.5 ಕೋಟಿ ಮತ್ತು 1.5 ಕೋಟಿ ಟನ್‌ಗೆ ಏರಿದವು. ಈ ಬೆಳವಣಿಗೆಗಳನ್ನು ನೋಡಲು ರಾವ್ ಇರಲಿಲ್ಲ.

ನಗರದ ಅಂಚಿನಲ್ಲಿ ಸಂಸ್ಥೆ

1972ರಲ್ಲಿ ರಾವ್ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿದರು. ಐಸೆಕ್ ಎಂದೇ ಹೆಸರಾದ ಈ ಸಂಸ್ಥೆ ನೆಲೆಗೊಂಡದ್ದು ಅಂದು ನಗರದ ಹೊರವಲಯವಾಗಿದ್ದ ನಾಗರಭಾವಿಯಲ್ಲಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರೂ ಜತೆಗೂಡಿದರು. ಬರೀ ಅರ್ಥಶಾಸ್ತ್ರದಿಂದ ಹಳ್ಳಿಯ ಬದುಕು ಅರ್ಥವಾಗದು, ಸಮಾಜಶಾಸ್ತ್ರ, ಜನಸಂಖ್ಯಾ ಅಧ್ಯಯನ, ಕೃಷಿ ಅಧ್ಯಯನಗಳೂ ಒಂದೇ ಸೂರಿನಡಿ ಇರಬೇಕು ಎಂಬುದು ಇದರ ಹಿಂದಿನ ಆಲೋಚನೆ. ಕೇಂದ್ರದ ಸಮಾಜವಿಜ್ಞಾನ ಸಂಶೋಧನಾ ಮಂಡಳಿ ಹಾಗೂ ರಾಜ್ಯ ಸರ್ಕಾರದ ನೆರವು ಇದಕ್ಕೆ ದೊರೆಯಿತು.

1980ರ ದಶಕದ ಆರಂಭದಲ್ಲಿ ಇಲ್ಲಿ ಪರಿಸರ ಅರ್ಥಶಾಸ್ತ್ರಕ್ಕೆಂದೇ ಪ್ರತ್ಯೇಕ ಘಟಕ ತೆರೆಯಿತು. ಪರಿಸರವೆಂದರೆ ಕೇವಲ ಜೀವವಿಜ್ಞಾನಿಗಳ ವಿಷಯ ಎಂದು ಭಾವಿಸಿದ್ದ ದಿನಗಳಲ್ಲಿ ಇದು ಸಣ್ಣ ಹೆಜ್ಜೆಯಾಗಿರಲಿಲ್ಲ. ಮುಂದೆ ಐಸೆಕ್‌ನ ಕೆ.ಎನ್. ನಿನಾನ್ ಮತ್ತು ಸಂಗಡಿಗರು ಪಶ್ಚಿಮಘಟ್ಟದಲ್ಲಿ ಅಧ್ಯಯನ ನಡೆಸಿ, 2007ರಲ್ಲಿ ಅದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಕಾಫಿ ಬೆಳೆಯುವ ಹಳ್ಳಿಗರು, ನಾಗರಹೊಳೆಯ ಗಿರಿಜನರು ಕಾಡಿನ ಸಂರಕ್ಷಣೆಗೆ ತೆರುವ ಬೆಲೆಯೆಷ್ಟು ಎಂಬುದು ಅಲ್ಲಿನ ಪ್ರಶ್ನೆ. ಆನೆ ತುಳಿದ ಬೆಳೆಯ ನಷ್ಟ ರೈತನದಾದರೆ, ಉಳಿದ ಕಾಡಿನ ಲಾಭ ಇಡೀ ನಾಡಿನದು. ಈ ಅಂತರವನ್ನು ತುಂಬದ ನೀತಿ ಕಾಡಂಚಿನಲ್ಲಿ ನಿಲ್ಲುವುದು ಕಷ್ಟ.

ಅಂತರ್ಜಲದ ಕಥೆಯೂ ಭಿನ್ನವಲ್ಲ. ಒಬ್ಬರು ಹೊಸ ಕೊಳವೆಬಾವಿ ಕೊರೆದರೆ ಪಕ್ಕದವರ ಬಾವಿ ಬತ್ತುತ್ತದೆ. ವಿಫಲವಾದ ಬಾವಿಗಳ ಖರ್ಚನ್ನೂ ಸೇರಿಸಿದರೆ ಮಾತ್ರ ನೀರಿನ ನಿಜವಾದ ಬೆಲೆ ತಿಳಿಯುತ್ತದೆಂದು, ಮುಂದೆ ಐಸೆಕ್ ನಿರ್ದೇಶಕರಾದ ಎಂ.ಜಿ. ಚಂದ್ರಕಾಂತ್ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿದ್ದಾಗ ತೋರಿಸಿಕೊಟ್ಟರು. ರಾಜ್ಯದಲ್ಲಿ 2011ರ ಅಂತರ್ಜಲ ಕಾಯ್ದೆ ಬಂದಿದೆ. ಇತ್ತ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಕೂಡ ಇದೆ. ಒಂದು ಕೈ ಕೊರೆಯುವುದನ್ನು ನಿಯಂತ್ರಿಸಿದರೆ, ಇನ್ನೊಂದು ಕೈ ಎತ್ತುವ ನೀರಿಗೆ ಬೆಲೆಯಿಲ್ಲದಂತೆ ಮಾಡಿದೆ. ಉಚಿತ ವಿದ್ಯುತ್ ಸಣ್ಣ ರೈತನಿಗೆ ಆಸರೆಯೆಂಬುದೂ ನಿಜ. ಆದರೆ ಬಾವಿ ಬತ್ತಿದಾಗ ಮತ್ತೊಂದು ಕೊರೆಸಲು ಹಣವಿಲ್ಲದೆ ಮೊದಲು ಸೋಲುವವನೂ ಅವನೇ.

ಉಳಿದ ಕೆಲಸ

ರಾವ್ ಅವರಿಗೆ 1974ರಲ್ಲಿ ಪದ್ಮವಿಭೂಷಣ ಸಂದಿತು. 1991ರ ಜುಲೈ 25ರಂದು ಅವರು ನಿಧನರಾದರು. ಪ್ರಕೃತಿ ಸಂಪತ್ತಿನ ಸವಕಳಿಯನ್ನೂ ರಾಷ್ಟ್ರೀಯ ಲೆಕ್ಕಕ್ಕೆ ತರುವ ಬಗೆ ಹೇಗೆಂದು ಪಾರ್ಥ ದಾಸ್‌ಗುಪ್ತ ನೇತೃತ್ವದ ತಜ್ಞರ ತಂಡ 2013ರಲ್ಲಿ ಕೇಂದ್ರಕ್ಕೆ ವರದಿ ನೀಡಿತು. ಅಂದರೆ, ರಾವ್ ಯುವಕರಾಗಿದ್ದಾಗ ಕೈಗೆತ್ತಿಕೊಂಡ ಲೆಕ್ಕ ಇನ್ನೂ ಪೂರ್ಣಗೊಂಡಿಲ್ಲ.

ರಾಜಾಜಿನಗರ, ವಿಜಯನಗರಗಳ ಕೊಳಚೆ ಹೊತ್ತ ವೃಷಭಾವತಿ ನಾಗರಭಾವಿಗೆ ಅನತಿ ದೂರದಲ್ಲೇ ಹರಿದು, ಕೆಂಗೇರಿ ದಾಟಿ ಬೈರಮಂಗಲದ ಕೆರೆ ಸೇರುತ್ತದೆ. ಆ ನೀರನ್ನು ನಂಬಿದ ರೈತರ ನಷ್ಟವನ್ನು ಭರಿಸಬೇಕಾದವರು ಯಾರು ಎಂಬ ಪ್ರಶ್ನೆ ಪಶ್ಚಿಮ ಬೆಂಗಳೂರಿನ ಮನೆಬಾಗಿಲಲ್ಲೇ ನಿಂತಿದೆ.