ಅಕ್ಕಿ ತಂದವರು ಮಾರಯ್ಯ, ಲೆಕ್ಕ ಹಿಡಿದವರು ಲಕ್ಕಮ್ಮ

ಲಿಂಗಸುಗೂರು: ಗುರುಗುಂಟಾ ಅಮರೇಶ್ವರಕ್ಕೆ ಹೋಗಿ ಕಾಯಿ ಒಡೆಸದವರು ತಾಲ್ಲೂಕಿನಲ್ಲಿ ಕಡಿಮೆ. ಆದರೆ ಆಯ್ದಕ್ಕಿ ಲಕ್ಕಮ್ಮ, ಮಾರಯ್ಯ ದಂಪತಿ ಇದೇ ಅಮರೇಶ್ವರದವರು ಅನ್ನೋದು ಎಷ್ಟೋ ಜನಕ್ಕೆ ನೆನಪೇ ಇಲ್ಲ. ಇಬ್ಬರ ವಚನಗಳ ಅಂಕಿತದಲ್ಲೂ ಅಮರೇಶ್ವರಲಿಂಗ ಇದ್ದಾನೆ.

12ನೇ ಶತಮಾನದ ಮಾತು. ಗಂಡ ಹೆಂಡತಿ ಊರು ಬಿಟ್ಟು ಕಲ್ಯಾಣಕ್ಕೆ ಹೋದರು, ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅಲ್ಲಿ ಮಾರಯ್ಯ ಹಿಡಿದ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು. ಮನೆಗೆ ಬಂದ ಅಕ್ಕಿಯನ್ನು ಹಸನು ಮಾಡಿ, ಬೇಯಿಸಿ, ಜಂಗಮರಿಗೆ ಬಡಿಸುವುದು ಲಕ್ಕಮ್ಮನ ಪಾಲು.

ಈ ಪಾಲಿಗೆ ಹೆಸರಿಲ್ಲ ನೋಡಿ. ಕೊಟ್ಟಣದ ಸೋಮವ್ವೆಗೆ ಭತ್ತ ಕುಟ್ಟುವ ಕೆಲಸದಿಂದ, ಕದಿರೆ ರೆಮ್ಮವ್ವೆಗೆ ನೂಲುವ ಕೆಲಸದಿಂದ ಹೆಸರು ಬಂತು. ಲಕ್ಕಮ್ಮನಿಗೆ ಮಾತ್ರ ಗಂಡನ ಕೆಲಸದ ಹೆಸರೇ. ಅಡುಗೆ ಅವರ ಕಾಲದಲ್ಲೂ ಲೆಕ್ಕಕ್ಕೆ ಬರಲಿಲ್ಲ. ಅಂಕಿತದಲ್ಲೂ ಮಾರಯ್ಯನ ಹೆಸರು ಮೊದಲು.

ಆದರೆ ಮನೆಯ ಹಿಡಿತ ಇದ್ದದ್ದು ಲಕ್ಕಮ್ಮನ ಕೈಯಲ್ಲಿ. ಒಮ್ಮೆ ಮಾರಯ್ಯ ಶರಣರ ಮಾತುಕತೆಯಲ್ಲಿ ಮುಳುಗಿ ಕೆಲಸವನ್ನೇ ಮರೆತರಂತೆ. ಹೊತ್ತು ಮೀರುತ್ತಿದೆ, ಏಳಿ ಅಂತ ಎಬ್ಬಿಸಿ ಕಳಿಸಿದವರು ಲಕ್ಕಮ್ಮ. ಅನುಭವದ ಮಾತು ಎಷ್ಟೇ ದೊಡ್ಡದಿರಲಿ, ಒಲೆ ಮುಂದೆ ಕಾಯುವವರಿಗೆ ಅಕ್ಕಿ ಬೇಕಲ್ಲ.

ಇನ್ನೊಂದು ಪ್ರಸಂಗ ಎಲ್ಲರೂ ಕೇಳಿದ್ದೇ. ಇವರನ್ನು ಪರೀಕ್ಷಿಸಲು ಬಸವಣ್ಣನವರು ಒಂದು ದಿನ ಅಂಗಳದಲ್ಲಿ ಹೆಚ್ಚು ಅಕ್ಕಿ ಚೆಲ್ಲಿಸಿದರು ಅಂತ ಕಥೆ. ಮಾರಯ್ಯ ಸಂತೋಷದಿಂದ ಅಷ್ಟನ್ನೂ ಬಾಚಿ ತಂದರು. ಲಕ್ಕಮ್ಮ ನೋಡಿದ ಕೂಡಲೇ ಹಿಡಿದರು. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ದಿನಾ ಅಳೆಯುವ ಕೈಗೆ ಒಂದು ಹಿಡಿ ಹೆಚ್ಚು ಬಂದರೂ ಗೊತ್ತಾಗುತ್ತೆ. ಅಂದಂದಿನ ಅಕ್ಕಿ ಅಂದಂದಿಗೆ ಸಾಕು, ಇದು ಭಕ್ತಿಯಲ್ಲ, ಆಸೆ ಅನ್ನೋದು ಅವರ ವಾದ. ಅರಸನಿಗೆ ಇರಬಹುದಾದ ಆಸೆ ಶಿವಭಕ್ತರ ಮನೆಯೊಳಗೆ ಬರಬಾರದು ಅಂತ ಗಂಡನನ್ನೇ ತರಾಟೆಗೆ ತೆಗೆದುಕೊಂಡರು. ಅವರ ಹೆಸರಲ್ಲಿ ಉಳಿದಿರುವ ಸುಮಾರು 25 ವಚನಗಳಲ್ಲೂ ಇದೇ ಖಾರ ಇದೆ.

ಮಾರಯ್ಯ ಎದುರಾಡಲಿಲ್ಲ. ದುಡಿದು ತಂದವನು ನಾನು ಅಂತ ಜಬರದಸ್ತೂ ಮಾಡಲಿಲ್ಲ. ಹೆಚ್ಚಾದ ಅಕ್ಕಿಯನ್ನು ಕಟ್ಟಿಕೊಂಡು ಬಂದ ದಾರಿಯಲ್ಲೇ ವಾಪಸ್ ಹೋಗಿ, ಎಲ್ಲಿಂದ ಆಯ್ದಿದ್ದರೋ ಅಲ್ಲೇ ಸುರಿದು ಬಂದರು. ಉಳಿದ ಅಕ್ಕಿಗೆ ಲಕ್ಕಮ್ಮ ಎಸರಿಟ್ಟರು.