ಬಳ್ಳಾರಿಯ ಹೊಲ ಅಳೆಸಿದ ಕಲೆಕ್ಟರ್: ಸರ್ ಥಾಮಸ್ ಮನ್ರೋ

ಹೋದ ಬೇಸಿಗೆ ರಜೆಯಲ್ಲಿ ಸಿರುಗುಪ್ಪದ ನಮ್ಮ ದಾದಾ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಪಹಣಿಯಲ್ಲಿ ಅವರ ಹೆಸರಿನ ಒಂದು ಅಕ್ಷರ ತಪ್ಪಾಗಿದೆ. ಅದು ಸರಿಯಾಗುವ ತನಕ ಬೆಳೆ ಸಾಲ ಸಿಗುವುದಿಲ್ಲವಂತೆ. ಅವತ್ತು ಕೆಲಸ ಆಗಲಿಲ್ಲ. ಬೆಂಚಿನ ಮೇಲೆ ಕಾಯುತ್ತಾ ಕೂತಾಗ ನಾನು ಮೊದಲ ಸಲ ಒಂದು ಪಹಣಿಯನ್ನು ಮೇಲಿನಿಂದ ಕೆಳಗಿನ ತನಕ ಓದಿದೆ. ಖುಷ್ಕಿ, ತರಿ, ಬಾಗಾಯ್ತು ಎಂದು ಬರೆದಿತ್ತು. ನಮ್ಮ ಮನೆಮಾತು ಉರ್ದು. ಖುಷ್ಕ್ ಅಂದರೆ ಒಣಗಿದ್ದು, ತರ್ ಅಂದರೆ ಒದ್ದೆ, ಬಾಗ್ ಅಂದರೆ ತೋಟ. ಆಮೇಲೆ ಯೋಚಿಸುತ್ತಾ ಹೋದರೆ ತಹಶೀಲ್ದಾರ್, ತಾಲ್ಲೂಕು, ಅರ್ಜಿ, ನಕಲು, ವಸೂಲಿ, ಬಾಕಿ, ಕೊನೆಗೆ ರೈತ ಎಂಬ ಪದವೂ ಅದೇ ದಾರಿಯಲ್ಲಿ ಬಂದದ್ದು. ಕಾಲೇಜು ಶುರುವಾದ ಮೇಲೆ ಇತಿಹಾಸದ ಸರ್ ಅವರನ್ನು ಕೇಳಿದೆ. ಪದಗಳು ಹಳೆಯವು, ಆದಿಲ್‌ಶಾಹಿ, ಮೊಗಲರು, ನಿಜಾಮರ ಕಾಲದವು. ಆದರೆ ನಮ್ಮ ಭಾಗದಲ್ಲಿ ಪ್ರತಿಯೊಂದು ಹೊಲವನ್ನೂ ಅಳೆಸಿ ಅದರ ಮುಂದೆ ಒಬ್ಬೊಬ್ಬ ರೈತನ ಹೆಸರು ಬರೆಸಿದವರು ಯಾರು ಎಂದು ಓದಿಕೊಂಡು ಬಾ ಎಂದರು. ಹಾಗೆ ಓದಿದ್ದು ಈ ಲೇಖನ.

ಥಾಮಸ್ ಮನ್ರೋ ಹುಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, 1761ರ ಮೇ 27ರಂದು. ತಂದೆ ಅಲೆಕ್ಸಾಂಡರ್ ಮನ್ರೋ ಅಮೆರಿಕದ ವರ್ಜೀನಿಯಾ ಜೊತೆ ವ್ಯಾಪಾರ ಮಾಡುತ್ತಿದ್ದರು. ಹುಡುಗನಿಗೆ ಚಿಕ್ಕಂದಿನಲ್ಲಿ ದಡಾರ ಬಂದು ಕಿವಿ ಸ್ವಲ್ಪ ಮಂದವಾಯಿತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿ, ಒಬ್ಬ ವ್ಯಾಪಾರಿಯ ಲೆಕ್ಕದ ಕೋಣೆಯಲ್ಲಿ ಕೆಲಸಕ್ಕೆ ಸೇರಿದರು. ಅಂದರೆ ನಮ್ಮ ಕಾಮರ್ಸ್ ವಿಭಾಗದವರೇ ಎನ್ನಬಹುದು! ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾಗಿ ತಂದೆಯ ವ್ಯಾಪಾರ ಮುಳುಗಿತು. ಮನೆ ನಡೆಯಬೇಕಲ್ಲ. ಮಗ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿ 1780ರ ಜನವರಿಯಲ್ಲಿ ಮದ್ರಾಸಿಗೆ ಬಂದಿಳಿದರು. ಆಗ ಅವರಿಗೆ 18 ವರ್ಷ.

ಅದೇ ವರ್ಷ ಹೈದರಾಲಿಯ ಸೈನ್ಯ ಕರ್ನಾಟಿಕ್ ಪ್ರದೇಶಕ್ಕೆ ನುಗ್ಗಿತು. ಮುಂದಿನ ನಾಲ್ಕು ವರ್ಷ ಮನ್ರೋ ಹೈದರ್ ಮತ್ತು ಟಿಪ್ಪು ಸುಲ್ತಾನರ ವಿರುದ್ಧದ ಯುದ್ಧದಲ್ಲಿದ್ದರು. ಇದನ್ನು ಹೇಳಿದಾಗ ನನ್ನ ಗೆಳೆಯನೊಬ್ಬ ಟಿಪ್ಪುವಿನ ಶತ್ರುವಿನ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಯಾಕೆ ಬರೆಯುತ್ತೀಯ ಎಂದು ಮುಖ ಸಿಂಡರಿಸಿದ. ಅವನಿಗೆ ಉತ್ತರ ಸ್ವಲ್ಪ ಮುಂದೆ ಇದೆ.

ಯುದ್ಧದ ನಡುವೆ ಬಿಡುವಿದ್ದಾಗ ಮನ್ರೋ ಪರ್ಶಿಯನ್ ಮತ್ತು ಹಿಂದೂಸ್ತಾನಿ ಕಲಿತರು. ಅದೇ ಅವರ ಬದುಕನ್ನು ಬದಲಾಯಿಸಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಬಾರಾಮಹಲ್ ಪ್ರದೇಶವನ್ನು ಕಂಪನಿಗೆ ಬಿಟ್ಟುಕೊಡಬೇಕಾಯಿತು. ಇಂದಿನ ತಮಿಳುನಾಡಿನ ಕೃಷ್ಣಗಿರಿ, ಧರ್ಮಪುರಿ ಕಡೆಯ ನಾಡು ಅದು. ಅಲ್ಲಿ ಕಂದಾಯದ ಕೆಲಸಕ್ಕೆ ಭಾಷೆ ಬಲ್ಲ ಅಧಿಕಾರಿಗಳು ಬೇಕಾಗಿದ್ದರು. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಮುಖ್ಯಸ್ಥರು, ಮನ್ರೋ ಅವರ ಸಹಾಯಕರು. ಅದೇ ಹೊತ್ತಿಗೆ, 1793ರಲ್ಲಿ, ಬಂಗಾಳದಲ್ಲಿ ಕಾರ್ನ್‌ವಾಲಿಸ್ ಶಾಶ್ವತ ಜಮೀನ್ದಾರಿ ಪದ್ಧತಿ ತಂದಿದ್ದರು. ಸರ್ಕಾರಕ್ಕೆ ಹಣ ಕಟ್ಟುವವನು ಜಮೀನ್ದಾರ. ಅವನು ರೈತನಿಂದ ಎಷ್ಟು ಕೀಳುತ್ತಾನೆ ಎಂಬುದು ಸರ್ಕಾರದ ಪುಸ್ತಕದಲ್ಲಿ ಇರುವುದಿಲ್ಲ. ರೀಡ್ ಮತ್ತು ಮನ್ರೋ ಬಾರಾಮಹಲ್‌ನಲ್ಲಿ ನಡುವಿನವರನ್ನು ತೆಗೆದು ರೈತನ ಹೆಸರಿನಲ್ಲೇ ಖಾತೆ ತೆರೆದರು. ಇದೇ ರೈತವಾರಿ.

ಇತಿಹಾಸಕಾರ ಬರ್ಟನ್ ಸ್ಟೈನ್ 1989ರಲ್ಲಿ ಮನ್ರೋ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದಿದ್ದಾರೆ. ಪಾಳೇಗಾರರನ್ನು ಬದಿಗಿಟ್ಟು ಅಮಲ್ದಾರರ ಮೂಲಕ ನೇರವಾಗಿ ಕಂದಾಯ ಎತ್ತುವ ಕೆಲಸವನ್ನು ಟಿಪ್ಪು ಸುಲ್ತಾನರು ಮೊದಲೇ ನಡೆಸಿದ್ದರು; ರೀಡ್ ಮತ್ತು ಮನ್ರೋ ಗೆದ್ದ ನೆಲದಲ್ಲಿ ಕಂಡದ್ದು ಅದನ್ನೇ, ಅದರ ಮೇಲೆಯೇ ಕಟ್ಟಿದರು ಎಂಬುದು ಅವರ ವಾದ. ಯುರೋಪಿನಿಂದ ಬಂದ ಸುಧಾರಣೆ ಎಂದು ನಾವು ಪರೀಕ್ಷೆಯಲ್ಲಿ ಬರೆಯುವುದರ ಬೇರು ಶ್ರೀರಂಗಪಟ್ಟಣದಲ್ಲೂ ಇದೆ ಎಂದಾಯಿತು. ಗೆಳೆಯ ಈಗ ಸಮಾಧಾನವಾಗಿದ್ದಾನೆ.

1799ರಲ್ಲಿ ಟಿಪ್ಪು ಹುತಾತ್ಮರಾದ ಮೇಲೆ ಮನ್ರೋ ಸ್ವಲ್ಪ ಕಾಲ ಕೆನರಾ ಜಿಲ್ಲೆಯ ಕಲೆಕ್ಟರ್ ಆಗಿದ್ದರು. ಅಲ್ಲಿಯ ಮಳೆ, ಅಲ್ಲಿಯ ಕೆಲಸ ಎರಡೂ ಅವರಿಗೆ ಹಿಡಿಸಲಿಲ್ಲ. 1800ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ನಿಜಾಮರು ಕಂಪನಿಯ ಸೈನ್ಯದ ಖರ್ಚಿಗೆ ಬದಲಾಗಿ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಬಿಟ್ಟುಕೊಟ್ಟರು. ಬಿಟ್ಟುಕೊಟ್ಟ ಜಿಲ್ಲೆಗಳು ಎಂದೇ ಇವಕ್ಕೆ ಹೆಸರಾಯಿತು. ಮನ್ರೋ ಇವುಗಳ ಪ್ರಿನ್ಸಿಪಾಲ್ ಕಲೆಕ್ಟರ್ ಆಗಿ ಬಂದರು.

ಬಂದಾಗ ನಾಡು ಹದಗೆಟ್ಟಿತ್ತು. ಯುದ್ಧಗಳು, ಬರ, ಸುಮಾರು 80 ಪಾಳೇಗಾರರು, ಒಬ್ಬೊಬ್ಬರಿಗೂ ಒಂದೊಂದು ಕೋಟೆ. ಮನ್ರೋ ಸೈನ್ಯ ತರಿಸಿ ಅವರನ್ನು ಅಡಗಿಸಿದರು, ಹಲವರನ್ನು ಓಡಿಸಿದರು. ಇದು ಅತಿಯಾಯಿತು ಎಂದು ಲಂಡನ್ನಿನ ಡೈರೆಕ್ಟರುಗಳೇ ಆಕ್ಷೇಪಿಸಿದರು. ಒಳ್ಳೆಯ ಕಲೆಕ್ಟರ್ ಎಂದು ಹೊಗಳುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ.

ನನಗೆ ಕುತೂಹಲ ಹುಟ್ಟಿಸಿದ್ದು 1802ರಿಂದ 1807ರ ತನಕ ನಡೆದ ಸರ್ವೆ. 33 ಅಡಿ ಉದ್ದದ ಸರಪಳಿಯಿಂದ ಹೊಲ ಅಳೆದರು. 33 ಅಡಿ ಉದ್ದ, 33 ಅಡಿ ಅಗಲದ 40 ತುಂಡು ಸೇರಿದರೆ ಒಂದು ಎಕರೆ. ದಾದಾ ಈಗಲೂ ಗುಂಟೆ ಲೆಕ್ಕ ಹಾಕುವುದು ಹೀಗೆಯೇ. ಅಳತೆಗಾರರಿಗೆ ಎಕರೆ ಲೆಕ್ಕದಲ್ಲಿ ಸಂಬಳ. ಎಕರೆ ಲೆಕ್ಕ ಅಂದ ಮೇಲೆ ಅವಸರ ಮಾಡುವುದು ಗ್ಯಾರಂಟಿ. ಅದಕ್ಕೇ ಅವರ ಹಿಂದೆ ಮತ್ತೆ ಅಳೆದು ನೋಡಲು ಬೇರೆ ಪರೀಕ್ಷಕರನ್ನು ಕಳಿಸಿದರು. ನಮ್ಮ ಪುಸ್ತಕದಲ್ಲಿ ಬರುವ ಆಡಿಟಿಂಗ್ ಇದೇ ತಾನೆ! ಅಳತೆಯಾದ ಮೇಲೆ ಗೌಡ, ಶಾನುಭೋಗ ಮತ್ತು ಊರಿನ ಮುಖ್ಯ ರೈತರನ್ನು ಕೂರಿಸಿಕೊಂಡು ನೆಲದ ದರ್ಜೆ ಗೊತ್ತುಮಾಡುವುದು. ತುಂಗಭದ್ರಾ ಡ್ಯಾಂ ಆಗ ಇರಲಿಲ್ಲ. ಸಿರುಗುಪ್ಪದ ಹೊಳೆಸಾಲಿನಲ್ಲಿ ವಿಜಯನಗರ ಕಾಲದ ಕಾಲುವೆ ನೀರಿಗೆ ಬತ್ತ ಬೆಳೆಯುವ ನೆಲ ತರಿ. ಕುರುಗೋಡು ಕಡೆ ಮಳೆ ನಂಬಿದ ಎರೆಹೊಲ ಖುಷ್ಕಿ. ಕುರುಗೋಡಿನ ನಮ್ಮ ಖಾಲಾ ಮನೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಈ ವ್ಯತ್ಯಾಸ ಇವತ್ತು ಅಷ್ಟು ಕಾಣುವುದಿಲ್ಲ, ಕಾಲುವೆ ಬಂದಿದೆ. ಆಗ ಮಾತ್ರ ಒಂದು ಪದದ ಮೇಲೆ ಮನೆಯ ಹೊಟ್ಟೆಪಾಡು ನಿಂತಿತ್ತು: ಖುಷ್ಕಿಯನ್ನು ತರಿ ಎಂದು ಬರೆದರೆ ಕಂದಾಯ ಏರುತ್ತಿತ್ತು.

ಏಳು ವರ್ಷದ ಬಹುಭಾಗ ಮನ್ರೋ ಡೇರೆಯಲ್ಲೇ ಕಳೆದರು. ಊರಿಂದ ಊರಿಗೆ ಸುತ್ತುವುದು, ರೈತರ ದೂರು ಕೇಳುವುದು, ಜಮಾಬಂದಿ ಮುಗಿಸುವುದು. ಕಾವಲಿಗೆ ಸಿಪಾಯಿಗಳನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಬಿತ್ತನೆಗೆ, ಎತ್ತಿಗೆ ತಕ್ಕಾವಿ ಸಾಲ ಕೊಡಿಸುತ್ತಿದ್ದರು.

ಆದರೆ ಲೆಕ್ಕ ಲೆಕ್ಕವೇ. ಅವರ ಏಳು ವರ್ಷದಲ್ಲಿ ಈ ಜಿಲ್ಲೆಗಳ ಕಂದಾಯ ಸುಮಾರು ಒಂದೂವರೆ ಪಟ್ಟಾಯಿತು. ನಡುವೆ ಬರವೂ ಬಂದಿತ್ತು. ಆ ಹಣ ಎಲ್ಲಿಂದ ಬಂತು? ರೈತನ ಕಣಜದಿಂದ. ಇದು ಮನ್ರೋಗೂ ಗೊತ್ತಿತ್ತು. 1807ರ ಆಗಸ್ಟ್ 15ರಂದು, ಊರಿಗೆ ಹೊರಡುವ ಮೊದಲು, ಅವರು ಮೇಲಿನವರಿಗೆ ಒಂದು ವರದಿ ಕಳಿಸಿದರು. ಒಟ್ಟು ಬೆಳೆ 100 ಎಂದರೆ ಸರ್ಕಾರ 45 ತೆಗೆದುಕೊಳ್ಳುತ್ತಿದೆ. ಇದು ಮೂರನೇ ಒಂದು ಭಾಗಕ್ಕೆ ಇಳಿದರೆ ಮಾತ್ರ ರೈತನಿಗೆ ಭೂಮಿ ತನ್ನದು ಎನಿಸುತ್ತದೆ, ಮಾರಲು ಕೊಳ್ಳಲು ಬೆಲೆ ಬರುತ್ತದೆ ಎಂಬುದು ಅದರ ಸಾರ. ಆದ್ದರಿಂದ ಎಲ್ಲ ನೆಲಕ್ಕೂ ಶೇ. 25, ಬಾಗಾಯ್ತಿಗೆ ಇನ್ನೂ ಶೇ. 8 ಕಡಿಮೆ ಮಾಡಿ ಎಂದು ಕೇಳಿದರು. 45ರಲ್ಲಿ ಕಾಲು ಭಾಗ ಕಳೆದರೆ 33.75. ಕ್ಯಾಲ್ಕುಲೇಟರ್ ಒತ್ತಿ ನೋಡಿದೆ, ಸರಿಯಾಗಿದೆ.

ಮದ್ರಾಸಿನವರು ಒಪ್ಪಲಿಲ್ಲ. ಯುರೋಪಿನಲ್ಲಿ ನೆಪೋಲಿಯನ್ ಜೊತೆ ಯುದ್ಧ, ಕಂಪನಿಗೆ ಹಣ ಬೇಕು. ರಿಯಾಯಿತಿ ಕೊಡುವ ಬದಲು ರೈತವಾರಿಯನ್ನೇ ಕೈಬಿಟ್ಟು ಇಡೀ ಊರನ್ನು ಗುತ್ತಿಗೆಗೆ ಕೊಟ್ಟರು. ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಗುತ್ತಿಗೆ ಹಿಡಿದವರು ಬಾಕಿ ಬಿದ್ದರು. ಚೆನ್ನಾಗಿ ಬಾಳಿದ ಎಷ್ಟೋ ಊರಗೌಡರು ಜೈಲು ಸೇರಿದರು. 1808ರಲ್ಲಿ ಬಳ್ಳಾರಿ, ಕಡಪ ಎಂದು ಎರಡು ಜಿಲ್ಲೆಗಳಾದವು. ಇಂದಿನ ಅನಂತಪುರವೂ ಆಗ ಬಳ್ಳಾರಿಯಲ್ಲೇ ಇತ್ತು.

ಇತ್ತ ಮನ್ರೋ ಲಂಡನ್ನಿನಲ್ಲಿ ಸುಮ್ಮನೆ ಕೂರಲಿಲ್ಲ. 1813ರ ಚಾರ್ಟರ್ ಕಾಯಿದೆಗೆ ಮುಂಚೆ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದರು. ನಾಗರಿಕತೆಯಲ್ಲಿ ಭಾರತೀಯರು ಯುರೋಪಿನವರಿಗಿಂತ ಕಡಿಮೆಯಲ್ಲ ಎಂದು ಅಲ್ಲಿ ಹೇಳಿದ್ದು ದಾಖಲೆಯಾಗಿದೆ. 1814ರಲ್ಲಿ ಜೇನ್ ಕ್ಯಾಂಬೆಲ್ ಅವರನ್ನು ಮದುವೆಯಾಗಿ, ನ್ಯಾಯಾಡಳಿತ ಸುಧಾರಣೆಯ ಆಯೋಗದ ಮುಖ್ಯಸ್ಥರಾಗಿ ಮದ್ರಾಸಿಗೆ ಮರಳಿದರು. 1816ರ ನಿಯಮಗಳಲ್ಲಿ ಹಳ್ಳಿಯ ಮುನ್ಸೀಫರಿಗೂ ಪಂಚಾಯಿತಿಗೂ ಸಣ್ಣ ವ್ಯಾಜ್ಯಗಳ ಅಧಿಕಾರ ಬಂತು. ಪೊಲೀಸ್ ಮತ್ತು ಮ್ಯಾಜಿಸ್ಟ್ರೇಟ್ ಅಧಿಕಾರ ಕಲೆಕ್ಟರ್ ಕೈಗೆ ಸೇರಿತು. ಹಣ ಕೇಳುವವನೇ ಶಿಕ್ಷೆಯನ್ನೂ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಸರ್ ಜೊತೆ ಇದರ ಬಗ್ಗೆ ವಾದವನ್ನೂ ಮಾಡಿದೆ, ಅವರು ಒಪ್ಪಲಿಲ್ಲ.

1820ರಲ್ಲಿ ಮನ್ರೋ ಮದ್ರಾಸಿನ ಗವರ್ನರ್ ಆದರು. ಹದಿಮೂರು ವರ್ಷದ ಹಿಂದೆ ಕೇಳಿ ಸಿಗದೇ ಹೋದದ್ದನ್ನು ಈಗ ತಾವೇ ಕೊಟ್ಟರು: ರೈತವಾರಿ ಮರಳಿ ಬಂತು, ಖುಷ್ಕಿ ತರಿಗಳಿಗೆ ಶೇ. 25, ಬಾಗಾಯ್ತಿಗೆ ಶೇ. 33 ಇಳಿಸಿದರು. ಜೈಲಿಗೆ ಹೋದ ಗೌಡರಿಗೆ ಆ ಹದಿಮೂರು ವರ್ಷ ವಾಪಸು ಬರಲಿಲ್ಲ.

ಗವರ್ನರ್ ಆದ ಮೇಲೆ ಮಾಡಿದ ಇನ್ನೊಂದು ಕೆಲಸ ನಮಗೆ, ಅಂದರೆ ಈ ಕಾಲೇಜಿನವರಿಗೆ, ನೇರ ಸಂಬಂಧಿಸಿದ್ದು. 1822ರಲ್ಲಿ ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಯಾರು ಓದುತ್ತಿದ್ದಾರೆ ಎಂದು ಎಣಿಸಲು ಆದೇಶಿಸಿದರು. ಏನಿದೆ ಎಂದು ತಿಳಿಯದೆ ಏನು ಬೇಕು ಎಂದು ಹೇಳಲಾಗದು ಎಂಬುದು ಅವರ ನಿಲುವು. ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಕಳಿಸಿದರು. ಒಂಬತ್ತು ಲಕ್ಷಕ್ಕೂ ಹೆಚ್ಚು ಜನರಿದ್ದ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ 235, ತೆಲುಗು 226, ಮರಾಠಿ 23, ಪರ್ಶಿಯನ್ 21, ತಮಿಳು 4, ಇಂಗ್ಲಿಷ್ 1. ಉಳಿದ 23 ಬ್ರಾಹ್ಮಣರ ಪಾಠಶಾಲೆಗಳು. ಮುಸ್ಲಿಂ ವಿದ್ಯಾರ್ಥಿಗಳು 243. ಇಡೀ ಜಿಲ್ಲೆಯಲ್ಲಿ ಓದುವ ಹುಡುಗಿಯರು 60, ಅವರಲ್ಲಿ ಮುಸ್ಲಿಂ ಹುಡುಗಿ ಒಬ್ಬಳೂ ಇಲ್ಲ. ಈ ಸಾಲು ಓದಿದಾಗ ನಮ್ಮ ತರಗತಿಯ ಎಡಗಡೆಯ ಬೆಂಚುಗಳು ನೆನಪಾದವು. ಅಲ್ಲಿ ಹುಡುಗಿಯರೇ ನಮಗಿಂತ ಹೆಚ್ಚು, ಅಂಕವೂ ಅವರದೇ ಹೆಚ್ಚು.

ಕ್ಯಾಂಬೆಲ್ ವರದಿಯಲ್ಲಿ ಇನ್ನೊಂದು ಮಾತಿದೆ. ಶಾಲೆಗಳು ಕಡಿಮೆಯಾಗುತ್ತಿರುವುದಕ್ಕೆ ಕಾರಣ ಬಡತನ ಎಂದು ಅವರು ಬರೆದರು. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿಯ ನೇಕಾರರು ಕೆಲಸ ಕಳೆದುಕೊಂಡರು, ಮೊದಲು ಇಲ್ಲೇ ಖರ್ಚಾಗುತ್ತಿದ್ದ ಹಣ ಹೊರಗೆ ಹೋಗುತ್ತಿದೆ ಎಂದರು. ಕಂಪನಿಯ ಕಲೆಕ್ಟರ್ ಒಬ್ಬರು ಕಂಪನಿಯ ಗವರ್ನರ್‌ಗೆ ಹೀಗೆ ಬರೆದದ್ದು ಎನ್ನುವುದನ್ನು ಗಮನಿಸಿ. ಈ ವರದಿಗಳನ್ನು 1983ರಲ್ಲಿ ಧರಂಪಾಲ್ ತಮ್ಮ ಪುಸ್ತಕದಲ್ಲಿ ಮತ್ತೆ ಅಚ್ಚು ಹಾಕಿಸಿದರು.

ಎಲ್ಲ ಲೆಕ್ಕ ಕೈಗೆ ಬಂದ ಮೇಲೆ, 1826ರಲ್ಲಿ ಮನ್ರೋ ಒಂದು ಯೋಜನೆ ಮಾಡಿದರು. ಪ್ರತಿ ಜಿಲ್ಲೆಗೆ ಹಿಂದೂಗಳಿಗೊಂದು, ಮುಸ್ಲಿಮರಿಗೊಂದು ದೊಡ್ಡ ಶಾಲೆ, ಒಟ್ಟು 40. ತಹಶೀಲುಗಳಲ್ಲಿ 300 ಸಣ್ಣ ಶಾಲೆ. ಭಾರತೀಯರಿಗೆ ದೊಡ್ಡ ಹುದ್ದೆಗಳನ್ನು ಕೊಡಬೇಕು, ಒಂದು ದಿನ ಅವರೇ ತಮ್ಮನ್ನು ಆಳಿಕೊಳ್ಳುವಂತೆ ಆಗಬೇಕು ಎಂದೂ 1824ರಲ್ಲೇ ಬರೆದಿಟ್ಟಿದ್ದರು. ಶಾಲೆಗಳ ಯೋಜನೆ ಅವರ ನಂತರ ಸೊರಗಿತು. 1836ರಲ್ಲಿ ಅದನ್ನು ಮುಚ್ಚಿಯೇಬಿಟ್ಟರು.

ಮನ್ರೋ ಮೊದಲೇ ಊರಿಗೆ ಮರಳಬೇಕಿತ್ತು. ಬರ್ಮಾ ಯುದ್ಧ ಬಂದು ತಡವಾಯಿತು. ಹೆಂಡತಿ ಕಾಯಿಲೆಯ ಮಗುವನ್ನು ಕರೆದುಕೊಂಡು 1826ರಲ್ಲಿ ಮುಂದಾಗಿ ಹೊರಟರು. ಹೊಸ ಗವರ್ನರ್ ಬರುವ ಮೊದಲು ಒಮ್ಮೆ ಹಳೆಯ ಜಿಲ್ಲೆಗಳನ್ನು ನೋಡಿ ಬರುತ್ತೇನೆ ಎಂದು ಮನ್ರೋ 1827ರಲ್ಲಿ ನಮ್ಮ ಸೀಮೆಯ ಕಡೆ ಬಂದರು. ದಾರಿಯಲ್ಲಿ ಕಾಲರಾ ಹಬ್ಬಿತ್ತು. ಇಂದಿನ ಕರ್ನೂಲು ಜಿಲ್ಲೆಯ ಪತ್ತಿಕೊಂಡದಲ್ಲಿ ಅವರಿಗೂ ತಗುಲಿ, ಜುಲೈ 6ರ ರಾತ್ರಿ ತೀರಿಕೊಂಡರು. ವಯಸ್ಸು 66. ಗುತ್ತಿಯಲ್ಲಿ ಮಣ್ಣು ಮಾಡಿದರು; 1831ರಲ್ಲಿ ದೇಹವನ್ನು ಮದ್ರಾಸಿನ ಕೋಟೆಯ ಸೇಂಟ್ ಮೇರಿ ಚರ್ಚಿಗೆ ಒಯ್ದರು. ಪತ್ತಿಕೊಂಡದಲ್ಲಿ ಅವರ ನೆನಪಿಗೆ ಸರ್ಕಾರ ಒಂದು ಬಾವಿ ತೋಡಿಸಿ ತೋಪು ನೆಡಿಸಿತು. ರಾಯಲಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುವ ರೂಢಿ ಬಹುಕಾಲ ಇತ್ತು.

ಚೆನ್ನೈಯಲ್ಲಿ ಕುದುರೆಯ ಮೇಲೆ ಕೂತ ಅವರ ದೊಡ್ಡ ಕಂಚಿನ ಪ್ರತಿಮೆ ಇದೆ. ಕುದುರೆಗೆ ಜೀನೂ ಇಲ್ಲ, ಕಾಲಿಡುವ ರಿಕಾಬೂ ಇಲ್ಲ. ನಾನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ. ದಾದಾಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದು ನಿಮಿಷ ನೋಡಿ, ಈ ಸಾಹೇಬರ ಕಾಲದಲ್ಲಿ ಹೆಸರು ತಪ್ಪಾದರೆ ಡೇರೆಗೆ ಹೋಗಿ ಹೇಳಬಹುದಿತ್ತಾ ಎಂದು ಕೇಳಿದರು. ಹೇಳಬಹುದಿತ್ತು ಅನಿಸುತ್ತೆ ಎಂದೆ. ಮುಂದಿನ ಸೋಮವಾರ ಮತ್ತೆ ಅದೇ ಕಚೇರಿಗೆ ಹೋಗಬೇಕು.